ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ನೀರುಕಾಗೆ ಎಂದು ಹೆಸರಾದವಳ ಮುತ್ತಜ್ಜ ಹೊಳೆ ದಾಟಿಸುವ ಅಂಬಿಗ. ಎರಡೂ ದಡದವರು ಅವನನ್ನು ಹಗ್ಗದಜ್ಜ ಎಂದೇ ಕರೆಯುತ್ತಿದ್ದರು. ನಲವತ್ತೆಂಟು ವರ್ಷ ಹುಟ್ಟು ಹಾಕಿದ ಕೈ ಅದು. ಬಸುರಿಯರನ್ನು ದಾಟಿಸಿದ, ಮದುವೆಯ ದಿಬ್ಬಣ ದಾಟಿಸಿದ, ಹೊಸ ಶಾಲೆಯ ಬೆಂಚು, ಕರಿಹಲಗೆ, ಹೆಡ್‌ಮಾಸ್ತರು ಮೂರನ್ನೂ ಒಂದೇ ಸರ್ತಿಗೆ ದಾಟಿಸಿದ. ಅವನ ದೋಣಿ ಹತ್ತಿದವರಲ್ಲಿ ಒಬ್ಬರ ಕಾಲ ಬೆರಳೂ ಒದ್ದೆಯಾಗಲಿಲ್ಲ ಎಂದು ಮನೆಯವರು ಹೇಳುತ್ತಾರೆ. ಮನೆಯವರ ಮಾತೆಂದು ಅರ್ಧ ಕಳೆದರೂ ಉಳಿದದ್ದು ಕಡಿಮೆಯೇನಲ್ಲ.

ಒಂದೇ ಒಂದು ಸಲ ಅವನ ಮಾನ ಹೊಳೆಪಾಲಾಗುವುದರಲ್ಲಿತ್ತು. ಬೆಂಕಿಪೊಟ್ಟಣ ತರಲೆಂದು ದೋಣಿ ಕಟ್ಟದೆ ದಡಕ್ಕೆ ಹಾರಿದ. ಬರುವಷ್ಟರಲ್ಲಿ ದೋಣಿ ಇಲ್ಲ. ದೋಣಿಯಲ್ಲಿ ಜಮೀನು ಅಳೆಯಲು ಬಂದ ಸಾಹೇಬರು ಟೋಪಿ ಮುಖಕ್ಕೆ ಮುಚ್ಚಿ ಗೊರಕೆ ಹೊಡೆಯುತ್ತಿದ್ದರು. ದೋಣಿ ಅವರನ್ನು ತೊಟ್ಟಿಲಿನಂತೆ ತೂಗಿಕೊಂಡು ಮೂರು ಮೈಲಿ ಹೋಯಿತು. ಅಜ್ಜ ದಡದ ಮೇಲೆ ಏದುಸಿರು ಬಿಡುತ್ತ ಓಡಿ, ಈಜಿ, ಕೊನೆಗೆ ದೋಣಿಯ ಅಂಚು ಹಿಡಿದಾಗ ಸಾಹೇಬರು ಟೋಪಿ ಸರಿಸಿ, "ಇನ್ನೂ ದಡ ಬಂದಿಲ್ವೇನಯ್ಯಾ?" ಎಂದರಂತೆ. ಅವತ್ತಿನಿಂದ ಆ ಮನೆಯಲ್ಲಿ ಒಂದು ಕಾನೂನಾಯಿತು: ನೀರಿಗಿಳಿದದ್ದನ್ನು ಸೀನುವಷ್ಟು ಹೊತ್ತೂ ಕಟ್ಟದೆ ಬಿಡಬಾರದು. ಕಟ್ಟುವುದಕ್ಕೆ ಅಜ್ಜ ತಾನೇ ಒಂದು ಗಂಟು ಹೊಸೆದ. ಹತ್ತು ಜನ ಹಗ್ಗ ಹಿಡಿದು ಜಗ್ಗಿದರೂ ಅದು ಜಪ್ಪಯ್ಯ ಎನ್ನದು. ಆದರೆ ಒಳಗೆ ಮಡಚಿಟ್ಟ ಚಿಕ್ಕ ತುದಿಯನ್ನು ಹುಡುಕಿ ಒಂದು ಸಲ ಎಳೆದರೆ ಸಾಕು, ಬೆಣ್ಣೆಯಂತೆ ಬಿಚ್ಚಿಕೊಳ್ಳುತ್ತದೆ.

ಅಜ್ಜನ ಸೊಸೆ ಇನ್ನೂ ಒಂದು ಕೈ ಮೇಲು. ಮಾವನ ತೋಳು ಸೋತಾಗ ಅವಳು ನೀರೆತ್ತುವ ಕೆಟ್ಟ ಪಂಪಿನ ಎಂಜಿನ್ ತಂದು ದೋಣಿಯ ಬೆನ್ನಿಗೆ ಬಿಗಿದಳು. ಮೊದಲ ದಿನ ಹತ್ತಿದವರೆಲ್ಲ ಇಳಿಯುವಾಗ ದೇವರ ಹೆಸರು ಹೇಳುತ್ತಿದ್ದರು. ಎರಡನೆಯ ವಾರ ಅದಿಲ್ಲದ ದೋಣಿಗೆ ಯಾರೂ ಕಾಲಿಡಲಿಲ್ಲ. ಅವಳ ಮಗ ಎಂಜಿನ್ ಸದ್ದಿನಲ್ಲೇ ಕಣ್ಣು ಬಿಟ್ಟವನು. ಎಂಜಿನ್ ಎಂದರೆ ಜೀವ, ನೀರೆಂದರೆ ಜೀವಭಯ. ಅಂಬಿಗರ ಮನೆಯಲ್ಲಿ ಹುಟ್ಟಿ ಈಜು ಬಾರದ ಮೊದಲ ಗಂಡಸು. ಹೊಳೆಗೆ ಸೇತುವೆ ಬಂದಾಗ ಮನೆಮಂದಿಯೆಲ್ಲ ಕಣ್ಣೀರು ಹಾಕಿದರು. ಅವನೊಬ್ಬನೇ ಒಳಗೊಳಗೆ ಉಸ್ಸಪ್ಪಾ ಎಂದ. ಸೇತುವೆಯ ಬುಡದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಪಂಪು, ಜನರೇಟರು, ದೋಣಿಯ ಮೋಟರು ರಿಪೇರಿಗೆ ಕುಳಿತ.

ಅವನ ರಿಪೇರಿಯ ರೀತಿಯೇ ಬೇರೆ. ಹಗ್ಗದಜ್ಜನ ಹಳೆಯ ಹುಟ್ಟು ಮುರಿದಾಗ ಉಳಿದ ಹಿಡಿಕೆಯನ್ನು ಅವನು ಎಸೆಯಲಿಲ್ಲ. ಅದರ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ. "ಎಡಗಡೆ ಬೇರಿಂಗು. ಇನ್ನು ಹತ್ತು ದಿನಕ್ಕೆ ಕೈ ಕೊಡುತ್ತೆ." ಬಿಚ್ಚಿ ನೋಡಿದರೆ ಎಡಗಡೆ ಬೇರಿಂಗೇ.

ಈ ಅಪ್ಪನ ಒಬ್ಬಳೇ ಮಗಳು ನಮ್ಮ ನೀರುಕಾಗೆ. ನಾಲ್ಕು ವರ್ಷಕ್ಕೇ ಈಜು ಕಲಿತು, ಮುಳುಗಿ ಎಲ್ಲೋ ಎದ್ದು ತಲೆ ಕೊಡವುತ್ತಿದ್ದುದನ್ನು ಕಂಡು ಅಜ್ಜಿ ಇಟ್ಟ ಹೆಸರು ಅದು. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿದ್ದ ದರ್ಜಿ. ಮಗಳು ಒದ್ದೆ ಬಟ್ಟೆಯಲ್ಲಿ ಒಳಗೆ ಬಂದು ಗಿರಾಕಿಗಳ ಬಟ್ಟೆ ಹಾಳುಮಾಡಿದಾಗಲೆಲ್ಲ, "ನಿನ್ನನ್ನು ಹೆತ್ತಿದ್ದು ನಾನೋ ಆ ಹೊಳೆಯೋ?" ಎಂದು ಟೇಪು ಬೀಸುತ್ತಿದ್ದಳು.

ಊರಾಚೆಯ ದೊಡ್ಡ ಕೆರೆಗೆ ಒಬ್ಬ ಸಾಹುಕಾರ ಬಾಡಿಗೆ ಜೆಟ್ ಸ್ಕೀಗಳನ್ನು ತಂದ. ಜನ ಅದನ್ನು ನೀರುಬೈಕು ಎಂದರು. ಬೈಕಿನಂತೆ ಮೇಲೆ ಕೂರಬೇಕು, ಹ್ಯಾಂಡಲ್ ಹಿಡಿಯಬೇಕು. ಹೊಟ್ಟೆಯ ಕೆಳಗಿನ ಬಾಯಿಯಿಂದ ನೀರು ಹೀರಿ, ಒಳಗಿನ ರೆಕ್ಕೆಚಕ್ರದಿಂದ ಹಿಂದಕ್ಕೆ ಉಗುಳುತ್ತ ಅದು ಮುಂದಕ್ಕೆ ಹಾರುತ್ತದೆ. ರಜೆಗೆ ಬಂದವರು ಅವನ್ನು ಬಂಡೆಗೆ ಗುದ್ದುತ್ತಿದ್ದರು, ಮರಳಿಗೆ ಏರಿಸುತ್ತಿದ್ದರು. ಕೆಟ್ಟದ್ದೆಲ್ಲ ಅಪ್ಪನ ಶೆಡ್ಡಿಗೆ. ಅಪ್ಪ ಸರಿಮಾಡುತ್ತಿದ್ದ, ಆದರೆ ನೀರಿಗಿಳಿಸಿ ಓಡಿಸಿ ನೋಡಬೇಕಲ್ಲ? ಅವನ ಕಾಲು ಮೊಣಕಾಲು ನೀರಿಗಿಂತ ಮುಂದೆ ಹೋಗದು. ಹದಿಮೂರರ ಮಗಳು, "ನಾನು ನೋಡ್ತೀನಿ ಬಿಡಪ್ಪಾ," ಎಂದು ಹಾರಿ ಕುಳಿತಳು. ಕೆರೆಯ ಆ ತುದಿ ಮುಟ್ಟಿ ಬರುವಷ್ಟರಲ್ಲಿ ಅವಳ ಹಣೆಬರಹ ಬದಲಾಗಿತ್ತು.

ಅಪ್ಪನಿಗೆ ಅವಳ ವರದಿಯೇ ಕಣ್ಣು. "ತಿರುಗಿಸುವಾಗ ಹಿಂದೆ ಜಾರುತ್ತಪ್ಪಾ." "ಎಷ್ಟು ಜಾರುತ್ತೆ?" "ಒದ್ದೆ ನೆಲದ ಮೇಲೆ ಸೋಪು ಮೆಟ್ಟಿದಷ್ಟು." ಅಪ್ಪ ತಲೆಯಾಡಿಸಿ ಒಂದು ಬೋಲ್ಟು ಬಿಗಿಯುತ್ತಿದ್ದ. ಹೀಗೆ ಆರು ವರ್ಷ. ಬೇರೆಯವರು ಓಡಿಸಲು ಕಲಿಯುವುದು ಸರಿಯಿರುವ ಗಾಡಿಯಲ್ಲಿ. ಅವಳು ಕಲಿತದ್ದು ಕೆಟ್ಟ ಗಾಡಿಗಳಲ್ಲಿ. ಆದ್ದರಿಂದ ಗಾಡಿ ಎಲ್ಲಿ ಹಟ ಹಿಡಿಯುತ್ತದೆ, ಎಲ್ಲಿ ಮಣಿಯುತ್ತದೆ ಎಂಬುದು ಅವಳ ಅಂಗೈಗೆ ಗೊತ್ತಾಗಿಬಿಟ್ಟಿತು.

ಹತ್ತೊಂಬತ್ತಕ್ಕೆ ಮೊದಲ ಓಟ. ಗಾಡಿ ಕೊಳ್ಳುವ ಮಾತೇ ಇರಲಿಲ್ಲ. ಅಪ್ಪ ಮೂರು ಹಾಳು ಗಾಡಿಗಳ ಅಂಗಾಂಗ ಜೋಡಿಸಿ ಒಂದು ಮಾಡಿದ. ಮುಂದೆ ಹಳದಿ, ನಡು ನೀಲಿ, ಹಿಂದೆ ಎಂದೋ ಕೆಂಪಾಗಿದ್ದ ಬಣ್ಣ. ದಡದಲ್ಲಿ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕವನು ಆ ಕಾಲದ ಚಾಂಪಿಯನ್, ಎಲ್ಲರೂ ಪಟಾಕಿ ಎನ್ನುತ್ತಿದ್ದವನು. ಹೊರಡುವಾಗ ಎಲ್ಲರಿಗಿಂತ ಹೆಚ್ಚು ಸದ್ದು ಅವನದೇ.

"ಏನಮ್ಮಾ ಇದು, ಗಾಡೀನಾ? ಮೂರು ಕತ್ತೆ ಸೇರ್ಸಿ ಹೊಲ್ದಿದೀರಾ?"

"ಹೌದಣ್ಣಾ," ಎಂದಳು ಅವಳು. "ನಮ್ಮಮ್ಮ ದರ್ಜಿ. ಹೊಲಿಗೆ ಬಿಟ್ಕೊಳಲ್ಲ."

ಆದರೆ ಅವಳ ನಿಜವಾದ ಫಜೀತಿ ಬೇರೆಯಿತ್ತು. ಓಟ ಶುರುವಾಗುವಾಗ ಪ್ರತಿ ಗಾಡಿಯ ಬಾಲ ಹಿಡಿದು ಒಬ್ಬರು ನೀರಿನಲ್ಲಿ ನಿಂತಿರಬೇಕು. ಗಾಡಿ ಅಲೆಗೆ ಅತ್ತಿತ್ತ ತಿರುಗದಂತೆ ಹಿಡಿದು, ಬಾವುಟ ಬಿದ್ದೊಡನೆ ಬಿಡಬೇಕು. ಬಾಲ ಹಿಡಿಯಲು ಒಪ್ಪಿದ್ದ ಚಿಕ್ಕಪ್ಪನ ಮಗ ಹೊಟ್ಟೆನೋವೆಂದು ಬರಲೇ ಇಲ್ಲ. ಬಾಲ ಹಿಡಿಯುವವರಿಲ್ಲದಿದ್ದರೆ ಓಟವಿಲ್ಲ. ಅವಳ ಮುಖ ಬಾಡಿತು. ಅಪ್ಪ ನೀರನ್ನೊಮ್ಮೆ ನೋಡಿದ, ಮಗಳನ್ನೊಮ್ಮೆ ನೋಡಿದ. ಆಮೇಲೆ ಒಂದರ ಮೇಲೊಂದು ಎರಡು ತೇಲುಜಾಕೆಟ್ಟು ಹಾಕಿಕೊಂಡು, ಮೇಲೆ ಟವೆಲ್ಲನ್ನು ಬಿಗಿದು ಕಟ್ಟಿ, ಕಣ್ಣು ಮುಚ್ಚಿ ಎದೆಮಟ್ಟದ ನೀರಿಗಿಳಿದುಬಿಟ್ಟ.

"ಅಪ್ಪಾ, ಕಣ್ಣಾದ್ರೂ ಬಿಡು!"

"ಕಣ್ಣು ಬಿಟ್ರೆ ನೀರು ಕಾಣ್ಸುತ್ತೆ ಮಗಾ. ನೀನು ನಿನ್ನ ಕೆಲಸ ನೋಡ್ಕೋ."

ಅವನ ಎರಡೂ ಅಂಗೈ ಗಾಡಿಯ ಬಾಲದ ಮೇಲಿದ್ದವು. ಎಂಜಿನ್ ಸದ್ದು ಸರಿಯಾಗಿದೆ ಎನಿಸಿದಾಗ ಅವನು ಬಾಲವನ್ನು ಎರಡು ಸಲ ತಟ್ಟಿದ: ಟಪ್, ಟಪ್. ಬಾವುಟ ಬಿತ್ತು. ಮೂರು ಬಣ್ಣದ ಕತ್ತೆ ಆವತ್ತು ಹನ್ನೊಂದು ಗಾಡಿಗಳಲ್ಲಿ ನಾಲ್ಕನೆಯದಾಗಿ ಬಂತು. ಪಟಾಕಿ ಮೂರನೆಯವನು. ದಡಕ್ಕೆ ಬಂದವನೇ ಅವಳ ಕೈ ಕುಲುಕಿ, "ಕಾಗೆ, ಇನ್ನೊಂದು ಸುತ್ತು ಇದ್ದಿದ್ರೆ ನನ್ ಮಾನ ಹೋಗ್ತಿತ್ತು," ಎಂದ. ಅವತ್ತಿನಿಂದ ಅವಳಿಗೆ ಅವನು ಅಣ್ಣ. ಮಾನ ಹೋಗಲು ಹೆಚ್ಚು ದಿನವೇನೂ ಹಿಡಿಯಲಿಲ್ಲ, ಮುಂದಿನ ವರ್ಷವೇ ಹೋಯಿತು. ಅಣ್ಣನ ಪ್ರೀತಿ ಮಾತ್ರ ಹೋಗಲಿಲ್ಲ.

ಆಮೇಲಿನ ಇಪ್ಪತ್ತೆರಡು ವರ್ಷ ಅವಳ ಬದುಕೆಲ್ಲ ನೀರಿನ ಮೇಲೆಯೇ. ಓಟವೇ ಕಸುಬು, ಓಟವೇ ಅನ್ನ. ಕಡಲ ತೀರಗಳು, ಅಣೆಕಟ್ಟಿನ ಹಿನ್ನೀರುಗಳು, ಒಮ್ಮೆ ಗಣಿ ಅಗೆದು ಬಿಟ್ಟ ಹೊಂಡ. ಗಾಡಿಯನ್ನು ಟ್ರೈಲರಿಗೆ ಏರಿಸಿ, ಅಪ್ಪ ವ್ಯಾನು ಓಡಿಸಿ, ಅಮ್ಮ ಹಿಂದಿನ ಸೀಟಿನಲ್ಲಿ ಹರಿದ ರಬ್ಬರ್ ಉಡುಪಿಗೆ ತೇಪೆ ಹಾಕುತ್ತ ಹೋಗುತ್ತಿದ್ದರು. ಕೊರಳ ಕೆಳಗಿನ ಮೂಳೆ ಎರಡು ಸಲ ಮುರಿಯಿತು. ಎರಡನೆಯ ಸಲ ಎಕ್ಸ್‌ರೇ ಹಿಡಿದು ಡಾಕ್ಟರು, "ಇನ್ನು ಮೇಲೆ ಇದೆಲ್ಲ ಬೇಡ," ಎಂದಾಗ, "ಈ ಮೂಳೆ ಹೇಗೂ ಮುರಿದಾಯ್ತಲ್ಲ ಡಾಕ್ಟ್ರೇ, ಇನ್ನು ಮುರಿಯೋಕೆ ಏನಿದೆ?" ಎಂದಳು. ಏಳು ಸಲ ಮೊದಲ ಸ್ಥಾನ, ಲೆಕ್ಕವಿಲ್ಲದಷ್ಟು ಸಲ ಎರಡನೆಯದು. ಗೆದ್ದ ಕಪ್ಪುಗಳಲ್ಲಿ ಅಪ್ಪ ಅಳತೆವಾರು ನಟ್ಟು ಬೋಲ್ಟು ಹಾಕಿಡುತ್ತಿದ್ದ. ಅತಿ ದೊಡ್ಡ ಕಪ್ಪಿನಲ್ಲಿ ಗ್ರೀಸು.

ಎಷ್ಟು ಓಟವಾದರೂ ಎರಡು ವಿಷಯ ಬದಲಾಗಲಿಲ್ಲ. ಒಂದು, ಬಾಲ ಹಿಡಿಯುವುದು ಅಪ್ಪನೇ. ಅವನ ಎರಡು ತಟ್ಟು ಬೀಳದೆ ಅವಳು ಹೊರಟವಳಲ್ಲ. ಇನ್ನೊಂದು, ಆ ಹಗ್ಗ. ಬೇರೆಯವರು ಗಾಡಿಯನ್ನು ದಡದ ಮರಳಿಗೆ ಎಳೆದು ಹಾಯಾಗಿ ಹೋಗಿ ಚಹಾ ಕುಡಿಯುತ್ತಿದ್ದರು. ಇವಳು ಮಾತ್ರ ಗಾಡಿಯ ಮೂತಿಯ ಕೆಳಗಿನ ಬಳೆಗೆ ನೀಲಿ ಹಗ್ಗ ಹಾಕಿ, ಹಗ್ಗದಜ್ಜನ ಗಂಟು ಬಿಗಿದು, ಒಂದು ಗೂಟಕ್ಕೆ ಕಟ್ಟಿಯೇ ಹೋಗುವಳು. "ಕಾಗೆ, ಅದೇನು ಹಸುವಾ, ಮೇಯೋಕ್ ಹೋಗುತ್ತಾ?" ಎಂದು ಪಟಾಕಿ ಕಾಲೆಳೆಯುತ್ತಿದ್ದ. "ನಮ್ಮನೆ ಕಾನೂನಣ್ಣಾ. ನಿನಗೆ ಅರ್ಥವಾಗಲ್ಲ," ಎನ್ನುವಳು. ಅವಳಿಗಾದರೂ ಎಷ್ಟು ಅರ್ಥವಾಗಿತ್ತೋ. ಕೈ ತನ್ನಷ್ಟಕ್ಕೆ ಕಟ್ಟುತ್ತಿತ್ತು, ತನ್ನಷ್ಟಕ್ಕೆ ಬಿಚ್ಚುತ್ತಿತ್ತು.

ಪಟಾಕಿಗೆ ಸೊಂಟ ಹಿಡಿಯಿತು, ಓಟ ಬಿಟ್ಟ. ಓಟದ ದಿನ ರಕ್ಷಣಾ ದೋಣಿ ನಡೆಸುವ ಕೆಲಸ ಹಿಡಿದ. ಬಿದ್ದವರನ್ನು ಎತ್ತುವುದು, ನಿಂತ ಗಾಡಿಯನ್ನು ಎಳೆದು ತರುವುದು. "ಮೊದಲು ಎಲ್ರಿಗೂ ನೀರು ಎರಚ್ತಿದ್ದೆ, ಈಗ ಎಲ್ರನ್ನೂ ನೀರಿಂದ ಎತ್ತಿ ಪಾಪ ತೊಳ್ಕೋತಿದೀನಿ," ಎನ್ನುತ್ತಿದ್ದ.

ನಲವತ್ತೊಂದು ತುಂಬಿದ ವರ್ಷ ಅವಳ ಓಟದ ಖರ್ಚು ನೋಡಿಕೊಳ್ಳುವ ತಂಡಕ್ಕೆ ಹೊಸ ಮ್ಯಾನೇಜರ್ ಬಂದ. ಒಳ್ಳೆಯವನೇ, ಅವಳನ್ನು ಮೇಡಂ ಎಂದೇ ಕರೆಯುವನು. ಆದರೆ ಎಲ್ಲವೂ ಅವನಿಗೆ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಕಾಣಬೇಕು. ಮೊದಲ ವಾರವೇ ಅಪ್ಪನನ್ನು ಹಿಂದಿನಿಂದ ಮೂರು ಸಲ ಕರೆದ. ಅಪ್ಪ ತಿರುಗಲಿಲ್ಲ.

"ಮೇಡಂ, ಒಂದು ಮಾತು. ಯಜಮಾನರಿಗೆ ಕಿವಿ ಕೇಳ್ತಿಲ್ಲ."

ಅವಳಿಗೆ ಆ ಮಾತು ಚುಚ್ಚಿತು. ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದುದನ್ನು ಬೇರೊಬ್ಬರು ಹೇಳಿಬಿಟ್ಟರಲ್ಲ ಎಂದು.

ಮನೆಗೆ ಬಂದು ಅಮ್ಮನನ್ನು ಕೇಳಿದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತ, "ನಾನು ಕರೆದ್ರೆ ಅವರಿಗೆ ಕೇಳ್ಸಲ್ಲ ಅನ್ನೋದು ಮದುವೆಯಾದ ಮೂರನೇ ದಿನದಿಂದ ಇದೆ. ಯಾವಾಗ ನಿಜವಾಗ್ಲೂ ಕೇಳ್ಸೋದು ನಿಂತ್ಹೋಯ್ತೋ ನಂಗ್ಹೇಗೆ ಗೊತ್ತಾಗ್ಬೇಕು?" ಎಂದಳು. ನಕ್ಕಳು. ಆಮೇಲೆ ದನಿ ತಗ್ಗಿಸಿ, "ಹೋಗಿ ಶೆಡ್ಡಲ್ಲಿ ನೋಡು. ಸದ್ದು ಮಾಡ್ದೆ ಹೋಗು ಅಂತ ಹೇಳ್ಬೇಕಾಗಿಲ್ಲ," ಎಂದಳು.

ಶೆಡ್ಡಿನಲ್ಲಿ ಗಾಡಿಯ ಎಂಜಿನ್ ಓಡುತ್ತಿತ್ತು. ಅಪ್ಪ ಹುಟ್ಟಿನ ಹಿಡಿಕೆಯನ್ನು ಎಂಜಿನ್ನಿಗೆ ಒತ್ತಿದ್ದ. ಇನ್ನೊಂದು ತುದಿ ಕಿವಿಯಲ್ಲಿರಲಿಲ್ಲ, ಬಾಯಲ್ಲಿತ್ತು. ಹಲ್ಲಿನಿಂದ ಕಚ್ಚಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದ. ಮಗಳ ನೆರಳು ಬಿದ್ದೊಡನೆ ಕಣ್ಣು ಬಿಟ್ಟವನು ಬೆಲ್ಲ ಕದ್ದ ಹುಡುಗನಂತೆ ಹಿಡಿಕೆಯನ್ನು ಬೆನ್ನ ಹಿಂದೆ ಮರೆಮಾಡಿದ.

"ಅಪ್ಪಾ..."

"ಹಲ್ಲಲ್ಲೂ ಕೇಳುತ್ತೆ ಮಗಾ," ಎಂದ ತಲೆ ತಗ್ಗಿಸಿ. "ಕಿವಿಗಿಂತ ಚೆನ್ನಾಗೇ ಕೇಳುತ್ತೆ. ಹೊರಗಿನ ಗಲಾಟೆ ಇಲ್ಲ."

ಹಿಡಿಕೆಯ ತುದಿಯಲ್ಲಿ ಹಲ್ಲಿನ ಗುರುತು ಆಳವಾಗಿ ಮೂಡಿತ್ತು. ಒಂದೆರಡು ತಿಂಗಳ ಗುರುತಲ್ಲ ಅದು. ಅವಳು ಅವನ ಪಕ್ಕದ ಡಬ್ಬದ ಮೇಲೆ ಕುಳಿತು ಒಂದು ಪ್ಲಗ್ಗು ಒರೆಸತೊಡಗಿದಳು.

ಮರುದಿನ ಮ್ಯಾನೇಜರ್ ಹೊಸ ಮೆಕ್ಯಾನಿಕ್ಕಿನ ಮಾತೆತ್ತಿದ. ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ಎಂಜಿನ್ನಿನ ನಾಡಿ ಹಿಡಿಯುವವನು. "ಯಜಮಾನರು ಮನೇಲಿ ಆರಾಮಾಗಿ ಇರಲಿ ಮೇಡಂ. ದಣಿದಿದ್ದಾರೆ."

"ಆರಾಮಾಗಿ ಕೂರಿಸಿದ್ರೆ ಆರು ತಿಂಗಳೂ ಇರಲ್ಲ ಅವರು," ಎಂದಳು. "ಒಂದು ಮಾತು ಆಡ್ಕೊಳೋಣ. ಈ ವರ್ಷ ಏಳು ಓಟ ಇದೆ. ಏಳರಲ್ಲಿ ಒಂದೇ ಒಂದು ಸಲವಾದ್ರೂ ನನ್ನ ಗಾಡಿ ಎಂಜಿನ್ ಕೆಟ್ಟು ನಿಂತಿದೆ ಅಂತ ಫಲಿತಾಂಶದ ಪಟ್ಟಿಯಲ್ಲಿ ಬರೆದ್ರೆ, ಆವತ್ತೇ ನಿಮ್ಮವರನ್ನ ಕರ್ಕೊಂಬನ್ನಿ. ಬರೀದೆ ಇದ್ರೆ, ಅಪ್ಪ ಸಾಕು ಅನ್ನೋವರೆಗೂ ಅಪ್ಪನೇ."

ಮ್ಯಾನೇಜರ್ ಒಪ್ಪಿದ. ಈ ಮಾತನ್ನು ಅವಳು ಅಪ್ಪನಿಗೆ ಹೇಳಲಿಲ್ಲ. ಅಮ್ಮನಿಗೆ ಹೇಳಿದಳು, ಅಮ್ಮ ಆ ವರ್ಷ ಪ್ರತಿ ಓಟಕ್ಕೂ ಹೊಲಿಗೆ ಬಿಟ್ಟು ಬಂದು, ದಡದಲ್ಲಿ ಕೊಡೆ ಹಿಡಿದು ಕಾವಲುಗಾರನಂತೆ ನಿಂತಳು.

ಒಂದು ಓಟವಾಯಿತು, ಎರಡಾಯಿತು, ಆರಾಯಿತು. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಅವಳ ಮನಸ್ಸು ಮಾತ್ರ ಕೆಮ್ಮುತ್ತಿತ್ತು. ಪ್ರತಿ ಸಲ ಬಾಲದ ಮೇಲೆ ಟಪ್ ಟಪ್ ಬಿದ್ದಾಗಲೂ, 'ಇದು ಕೇಳಿ ತಟ್ಟಿದ್ದೋ, ರೂಢಿಗೆ ತಟ್ಟಿದ್ದೋ?' ಎಂಬ ಹುಳು ತಲೆ ಹೊಗುತ್ತಿತ್ತು. ಐದನೆಯ ಓಟಕ್ಕೆ ಮುಂಚೆ ಪರವೂರಿನ ಮೆಕ್ಯಾನಿಕ್ಕೊಬ್ಬನಿಗೆ ಗಾಡಿಯನ್ನು ಕದ್ದು ತೋರಿಸಿದಳು. ಅವನು ಅರ್ಧ ಗಂಟೆ ನೋಡಿ, "ಇದಕ್ಕೆ ನಾನೇನು ಮಾಡ್ಲಿ? ಗಡಿಯಾರ ಇದ್ದ ಹಾಗಿದೆ," ಎಂದ. ಆ ಸಂಜೆ ಅಪ್ಪನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

ಏಳನೆಯದು ಕೊನೆಯ ಓಟ. ಹಿನ್ನೀರಿನ ಅಗಲವಾದ ದಡ, ಬಿಸಿಲು, ಧ್ವನಿವರ್ಧಕ, ಪೆಟ್ರೋಲಿನ ವಾಸನೆ. ಬೆಳಿಗ್ಗೆ ಗಾಡಿ ಪರೀಕ್ಷೆ ಮುಗಿಸಿ ಅವಳು ಎಂದಿನಂತೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದಳು. ಹೆಸರು ಕೂಗಿದಾಗ ಮ್ಯಾನೇಜರ್ ಪಕ್ಕದಲ್ಲೇ ನಿಂತು ಏನೋ ಗೆರೆಗಳ ವಿಷಯ ಹೇಳುತ್ತಿದ್ದ. ಅವಳು ತಲೆಯಾಡಿಸುತ್ತ ಗೂಟದ ಕಡೆಯ ಗಂಟು ಬಿಚ್ಚಿದಳು. ಮೂತಿಯ ಕಡೆಯದನ್ನು ಬಿಚ್ಚಲು ಬಗ್ಗುವಷ್ಟರಲ್ಲಿ ಇನ್ನೊಮ್ಮೆ ಕೂಗಿದರು. ಉಳಿದ ಹಗ್ಗವನ್ನು ಸುರುಳಿ ಸುತ್ತಿ ಮೂತಿಯ ರಬ್ಬರಿನ ಸಂದಿಗೆ ತುರುಕಿ, ಆಮೇಲೆ ತೆಗೆದರಾಯಿತು ಎಂದುಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಓಟ ಹೊರಡುವ ಗೆರೆಗೆ ಬಂದು ನಿಲ್ಲುವಷ್ಟರಲ್ಲಿ ಆ ಹಗ್ಗ ಅವಳ ನೆನಪಿನಿಂದಲೂ ಜಾರಿತ್ತು, ಸಂದಿಯಿಂದಲೂ.

ಅಪ್ಪ ಸೊಂಟಮಟ್ಟದ ನೀರಿನಲ್ಲಿ ಬಾಲ ಹಿಡಿದು ನಿಂತ. ಈಗ ಕಣ್ಣು ಬಿಟ್ಟುಕೊಂಡೇ ನಿಲ್ಲುತ್ತಾನೆ. ಎರಡು ತೇಲುಜಾಕೆಟ್ಟು ಮಾತ್ರ ಬಿಟ್ಟಿಲ್ಲ. ಎಂಜಿನ್ ಹತ್ತಿತು. ಸುತ್ತ ಹನ್ನೆರಡು ಗಾಡಿಗಳ ಗುಡುಗು. ಅಪ್ಪನ ಹುಬ್ಬು ಗಂಟಿಕ್ಕಿತು. ಅಂಗೈಯನ್ನು ಬಾಲದ ಮೇಲೆ ಅತ್ತ ಇತ್ತ ಸರಿಸಿದ.

"ತಡಿ ಮಗಾ! ಹೊಟ್ಟೆ ಕೆಳಗೆ ಏನೋ ತಟ್ತಾ ಇದೆ!"

ಅವಳು ತಿರುಗಿ ನೋಡಿದಳು. ಎಂಜಿನ್ ಸದ್ದು ಅವಳ ಕಿವಿಗೆ ಸ್ವಚ್ಛವಾಗಿತ್ತು. 'ಪಾಪ, ಕಿವಿ,' ಎಂದುಕೊಂಡಳು.

"ಅಲೆ ಅಪ್ಪಾ! ಬರೀ ಅಲೆ!"

ಅಪ್ಪನಿಗೆ ಮಾತು ಕೇಳಿಸಲಿಲ್ಲ, ತುಟಿಯಲ್ಲಿ ಓದಿಕೊಂಡ. ತಲೆ ಅಡ್ಡಡ್ಡ ಆಡಿಸಿದ. ಬಾವುಟ ಮೇಲೇರಿತು. ಬಾಲದ ಮೇಲೆ ಒಂದು ತಟ್ಟು ಬಿತ್ತು: ಟಪ್. ಎರಡನೆಯದು ಬೀಳಲಿಲ್ಲ. ಬಾವುಟ ಇಳಿಯಿತು, ಅವಳು ಹೊರಟಳು.

ಹತ್ತು ಸುತ್ತಿನ ಓಟ. ನೀರಿನ ಮೇಲೆ ಕೆಂಪು, ಹಳದಿ ಪೀಪಾಯಿಗಳು. ಕೆಂಪನ್ನು ಎಡಕ್ಕೆ, ಹಳದಿಯನ್ನು ಬಲಕ್ಕೆ ಸುತ್ತಬೇಕು. ವೇಗದಲ್ಲಿ ಗಾಡಿಯ ಮೂತಿ ನೀರಿನಿಂದ ಮೇಲೆದ್ದೇ ಇರುತ್ತದೆ. ಏಳು ಸುತ್ತು ಹಕ್ಕಿಯಂತೆ ಹೋದಳು. ಮೂರನೆಯ ಸ್ಥಾನ. ಎಂಟನೆಯ ಸುತ್ತಿನಲ್ಲಿ ಮುಂದಿನವನು ತಿರುವಿನಲ್ಲಿ ಅಡ್ಡ ಜಾರಿದ. ಅವನಿಗೆ ಗುದ್ದದಿರಲು ಅವಳು ಎಕ್ಸಲರೇಟರ್ ಬಿಟ್ಟಳು. ಮೂತಿ ನೀರಿಗೆ ಕುಸಿಯಿತು. ಮತ್ತೆ ಒತ್ತಿದೊಡನೆ ಹೊಟ್ಟೆಯೊಳಗೆ ಯಾರೋ ಮುಷ್ಟಿಯಿಂದ ಗುದ್ದಿದಂತಾಗಿ ಗಾಡಿ ನಡುಗಿತು, ನಿಂತಿತು.

ಉಳಿದವರು ನೀರು ಎರಚುತ್ತ ದಾಟಿಹೋದರು. ಗಾಡಿ ಪೀಪಾಯಿಗಳ ಆಚೆಗೆ ತೇಲಿತು. ಆಮೇಲೆ ಧ್ವನಿವರ್ಧಕ ದೂರದಿಂದ ಹೇಳಿತು: "ನಂಬರ್ ಇಪ್ಪತ್ತೇಳು ನಿಂತಿದೆ. ಎಂಜಿನ್ ಕೈ ಕೊಟ್ಟ ಹಾಗಿದೆ."

ಆ ಮಾತು ಅವಳ ಬೆನ್ನಿಗೆ ಚಾಟಿಯಂತೆ ಬಿತ್ತು. ದಡದ ಕಡೆ ನೋಡಿದಳು. ಅಪ್ಪ ಇನ್ನೂ ನೀರಿನಲ್ಲೇ ನಿಂತಿದ್ದ, ಎರಡೂ ಕೈ ತಲೆಯ ಮೇಲೆ. ಅವನ ಹಿಂದೆ ಕೊಡೆ. ಕೊಡೆಯ ಪಕ್ಕದಲ್ಲಿ ಮ್ಯಾನೇಜರ್, ಕೈಯಲ್ಲಿ ಪರದೆ.

ಸವಾರರು ಬಿದ್ದರೆ ಎಂಜಿನ್ ನಿಲ್ಲಿಸುವ ಮಣಿಕಟ್ಟಿನ ಸುರಕ್ಷಾ ದಾರವನ್ನು ಗಾಡಿಯಿಂದ ಕಿತ್ತು, ನೀರಿಗೆ ಹಾರಿ, ಉಸಿರು ಹಿಡಿದು ಕೆಳಗೆ ಮುಳುಗಿದಳು. ಮೂತಿಯ ಬಳೆಯಿಂದ ಹೊಟ್ಟೆಯ ಕೆಳಗಿನ ಬಾಯಿಗೆ ಒಂದು ನೀಲಿ ಗೆರೆ, ತಂತಿಯಂತೆ ಬಿಗಿದು ನಿಂತಿತ್ತು. ಅವಳದೇ ಹಗ್ಗ. ತುದಿ ಆ ಬಾಯಿಗೆ ಅಡ್ಡಹಾಕಿದ ಜಾಲರಿಯ ಸಂದಿಯಿಂದ ಒಳಗೆ ಹೋಗಿ ರೆಕ್ಕೆಚಕ್ರಕ್ಕೆ ಸುತ್ತಿಕೊಂಡಿತ್ತು. ತಟ್ಟುತ್ತಿದ್ದದ್ದು ಅಲೆಯಲ್ಲ. ಅಪ್ಪನ ಕೈ ಕೇಳಿದ್ದನ್ನು ಅವಳ ಕಿವಿ ಕೇಳಿರಲಿಲ್ಲ.

ಮೇಲೆ ಬಂದಾಗ ರಕ್ಷಣಾ ದೋಣಿ ಎರಡು ಮಾರು ದೂರದಲ್ಲಿತ್ತು. ಪಟಾಕಿ ಅಂಚಿಗೆ ಬಗ್ಗಿ ಕೈ ಚಾಚಿದ್ದ.

"ಬಾ ಕಾಗೆ, ಹತ್ತು. ಎಳ್ಕೊಂಡ್ ಹೋಗ್ತೀನಿ."

"ನಿಲ್ಲಣ್ಣಾ ಅಲ್ಲೇ!"

ಬೇರೆಯವರ ಕೈ ಗಾಡಿಗೆ ತಾಗಿತೋ, ಓಟ ಮುಗಿದಂತೆ. ಎಳೆದು ತಂದ ಗಾಡಿಯ ಹೆಸರಿನ ಮುಂದೆ 'ಎಂಜಿನ್ ಕೆಟ್ಟಿದೆ' ಎಂದು ಬರೆಯುವುದು ಅಲ್ಲಿನ ರೂಢಿ. ಏಕೆ ನಿಂತಿತು, ಯಾರ ತಪ್ಪು ಎಂದು ಆ ಪಟ್ಟಿಯಲ್ಲಿ ಜಾಗವಿಲ್ಲ. ಮೊದಲಿನವನು ಕೊನೆಯ ಗೆರೆ ದಾಟಿದ ಮೇಲೆ ಐದು ನಿಮಿಷ ಸಮಯ. ಅಷ್ಟರೊಳಗೆ ತನ್ನ ಎಂಜಿನ್ನಿನಿಂದಲೇ ಗೆರೆ ಮುಟ್ಟಿದವರದೇ ಹೆಸರು ಉಳಿಯುತ್ತದೆ, ಎಷ್ಟನೆಯವರಾದರೂ ಸರಿ.

ಮತ್ತೆ ಮುಳುಗಿದಳು. ಹತ್ತು ಜನ ಜಗ್ಗಿದರೂ ಬಿಡದ ಗಂಟು ಈಗ ಎಂಜಿನ್ ಜಗ್ಗಿ ಕಲ್ಲಾಗಿತ್ತು. ಬೆರಳು ಒದ್ದೆ ನೂಲಿನ ಮೇಲೆ ಸರಿಯಿತು, ಎರಡು ಮಡಿಕೆ ದಾಟಿತು, ಮೂರನೆಯದರ ಒಳಗೆ ಚಿಕ್ಕ ತುದಿ ಸಿಕ್ಕಿತು. ಎಳೆದಳು. ಹಗ್ಗದಜ್ಜನ ಗಂಟು ನೀರಿನಲ್ಲಿ ಹೂವಿನಂತೆ ಬಿಚ್ಚಿಕೊಂಡಿತು. ಬಿಗಿದಿದ್ದ ಗೆರೆ ಸಡಿಲವಾಗಿ ತೇಲಿತು.

ಉಸಿರಿಗೆ ಮೇಲೆ ಬಂದಳು. ಗಾಡಿಯನ್ನು ಮಗ್ಗುಲಿಗೆ ವಾಲಿಸಿ, ಭುಜದಿಂದ ತಡೆದು, ಜಾಲರಿಯೊಳಗೆ ಬೆರಳು ತೂರಿ ಒಂದು ಸುತ್ತು ಬಿಡಿಸಿದಳು. ಮುರಿದು ಕೂಡಿದ ಮೂಳೆ ಚುರುಕ್ಕೆಂದಿತು. ಗಾಡಿ ಜಾರಿ ಮತ್ತೆ ನೆಟ್ಟಗಾಯಿತು.

"ಅಯ್ಯೋ, ನೋಡಕ್ಕಾಗಲ್ಲಮ್ಮಾ!" ಎಂದ ಪಟಾಕಿ. "ಬರೀ ವಾಲ್ಸಿ ಹಿಡ್ಕೋತೀನಿ. ಒಂದೇ ಬೆರಳು. ಇಷ್ಟು ದೂರ ಯಾರು ನೋಡ್ತಾರೆ?"

ದಡದಲ್ಲಿ ಮೊದಲಿನವನು ಗೆದ್ದ ಗದ್ದಲ ಎದ್ದಿತು. ಐದು ನಿಮಿಷ ಶುರುವಾಯಿತು. ಅವಳು ಮತ್ತೆ ಗಾಡಿ ವಾಲಿಸಿದಳು, ಎರಡನೆಯ ಸುತ್ತು ಬಿಡಿಸಿದಳು, ಮೂರನೆಯದನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಕಚ್ಚಿದಾಗ ಹಲ್ಲಿನೊಳಗೆ ಚಕ್ರ ಕಟಕ್ಕೆಂದು ತಿರುಗಿದ್ದು ಅವಳಿಗೆ ಕೇಳಿಸಿತು, ಹೊರಗಿನ ಗಲಾಟೆಯಿಲ್ಲದೆ. ಹಗ್ಗ ಪೂರ್ತಿ ಈಚೆ ಬಂತು. ಅದನ್ನು ಸೊಂಟಕ್ಕೆ ಸುತ್ತಿ, ಅದೇ ಗಂಟು ಬಿಗಿದು, ಹಿಂದಿನಿಂದ ಗಾಡಿ ಹತ್ತಿದಳು. ದಾರ ಸಿಕ್ಕಿಸಿ ಗುಂಡಿ ಒತ್ತಿದಳು. ಎಂಜಿನ್ ಏನೂ ಆಗಿಲ್ಲವೆಂಬಂತೆ ಗುಟುರು ಹಾಕಿತು.

ಪಟಾಕಿಯ ಕೈ ಇನ್ನೂ ಚಾಚಿಯೇ ಇತ್ತು. "ರಕ್ತ ಬರ್ತಿದೆ ಬೆರಳಲ್ಲಿ. ಎರಡೂವರೆ ಸುತ್ತು ಬಾಕಿ ಇದೆ. ಜೊತೇಲಾದ್ರೂ ಬರ್ಲಾ?"

ಅವಳು ಮುಖದ ನೀರು ಒರೆಸಿಕೊಂಡು ನಕ್ಕಳು.

"ಬೇಡಣ್ಣಾ. ಕಟ್ಟಿದ್ದೂ ನಾನೇ, ಮರೆತಿದ್ದೂ ನಾನೇ, ಬಿಚ್ಚಿದ್ದೂ ನಾನೇ. ದಡ ಮುಟ್ಟಿಸೋದು ನಮ್ಮಪ್ಪನ ಎಂಜಿನ್ನು. ನಿನ್ನ ಕೈ ನಿನ್ನ ಹತ್ರಾನೇ ಇಟ್ಕೋ, ದಾರಿ ಬಿಡು!"